ಮೀನಿನ ಮೈಗೆ ಸೇರುವ ಲೋಹ ನಮ್ಮ ಮೈಗೆ ಸೇರದಂತೆ

ನಮ್ಮ ಸೇಲಂ, ಧರ್ಮಪುರಿ ಸೀಮೆಯ ಹಳ್ಳಿಗಳಿಗೆ ಮೀನು ಮೂರು ದಾರಿಯಲ್ಲಿ ಬರುತ್ತದೆ. ಮೊದಲನೆಯದು ಹೊಳೆಯ ಮೀನು. ಹೊಗೇನಕಲ್ಲಿನಿಂದ ಮೆಟ್ಟೂರು ಅಣೆಯ ಹಿನ್ನೀರಿನವರೆಗೆ ಹರಿಗೋಲಿನವರು ಹಿಡಿದು ತರುವುದು. ಎರಡನೆಯದು ಕೆರೆಕುಂಟೆಗಳ ಮೀನು, ಅದರೊಡನೆ ಈಚೆಗೆ ರೈತರು ಹೊಲದ ಹೊಂಡದಲ್ಲಿ ಸಾಕುತ್ತಿರುವ ಮೀನು. ಮೂರನೆಯದು ಕಡಲ ಮೀನು. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಲಾರಿಯೇರಿ ಪೇಟೆಗೆ ಬಂದು, ಅಲ್ಲಿಂದ ಸಂತೆಸಂತೆಗೆ ಹರಡುವುದು. ಹಿಂದೆ ಕಡಲ ಮೀನೆಂದರೆ ನಮ್ಮವರಿಗೆ ಒಣಮೀನು ಮಾತ್ರವೇ ಆಗಿತ್ತು. ಈಗ ಭಾನುವಾರ ಬಂದರೆ ರಸ್ತೆಯ ಬದಿಯಲ್ಲೆಲ್ಲ ಹಸಿಮೀನಿನ ಅಂಗಡಿ.

ಮೀನು ಒಳ್ಳೆಯ ಆಹಾರವೆಂಬುದರಲ್ಲಿ ಸಂಶಯವಿಲ್ಲ. ರಾಗಿಮುದ್ದೆ, ಅನ್ನ ಇವುಗಳಿಂದ ಹೊಟ್ಟೆ ತುಂಬಿದರೂ ಮೈಗೆ ಬೇಕಾದ ಸಸಾರಜನಕ ಸಾಲದು. ಆ ಕೊರತೆಯನ್ನು ಮೀನು ಅಗ್ಗದಲ್ಲಿ ತುಂಬುತ್ತದೆ. ಬೆಳೆಯುವ ಮಗುವಿನ ಮೆದುಳಿಗೆ ಬೇಕಾದ ಕೊಬ್ಬು ಅದರಲ್ಲಿದೆ. ಆದಕಾರಣ ಈ ಲೇಖನವನ್ನು ಓದಿ ಯಾರೂ ಮೀನು ಬಿಡುವ ಪ್ರತಿಜ್ಞೆ ಮಾಡಬೇಕಾಗಿಲ್ಲ. ಯಾವ ನೀರಿನ ಮೀನು, ಯಾವ ಜಾತಿಯ ಮೀನು, ಮನೆಯಲ್ಲಿ ಯಾರ ತಟ್ಟೆಗೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಂಡು ತಿನ್ನುವುದನ್ನು ಕಲಿಯಬೇಕೆಂಬುದಷ್ಟೇ ನಮ್ಮ ಉದ್ದೇಶ.

ಕಣ್ಣಿಗೆ ಕಾಣದ ವಿಷವೆಂದರೇನೆಂದು ನಮ್ಮ ಸೀಮೆಯವರಿಗೆ ಬೇರೆ ಹೇಳಬೇಕಾಗಿಲ್ಲ. ಧರ್ಮಪುರಿಯ ಕೊಳವೆಬಾವಿಗಳ ನೀರು ಕನ್ನಡಿಯಂತೆ ತಿಳಿಯಾಗಿಯೇ ಇತ್ತು. ಅದನ್ನು ಕುಡಿದ ಮಕ್ಕಳ ಹಲ್ಲು ಕಂದಿ ಕಲೆಯಾದುವು, ವಯಸ್ಸಾದವರ ಮೂಳೆ ಬಿಗಿದುವು. ಅದು ಫ್ಲೋರೈಡಿನ ಕೆಲಸ. ೨೦೧೩ರಲ್ಲಿ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಬಂದದ್ದು ಅದಕ್ಕಾಗಿಯೇ. ಆ ಫ್ಲೋರೈಡಿನಂತೆ ರುಚಿಯಿಲ್ಲದೆ, ವಾಸನೆಯಿಲ್ಲದೆ, ವರ್ಷಗಟ್ಟಲೆ ಮೈಯಲ್ಲಿ ಕೂಡಿಕೊಳ್ಳುವ ಇನ್ನೊಂದು ಗುಂಪು ಉಂಟು. ಅದೇ ಭಾರಲೋಹಗಳದು.

ಭಾರಲೋಹವೆಂದರೆ ಯಾವುದು?

ಕಬ್ಬಿಣ, ತಾಮ್ರ, ಸತು ಇವೂ ಲೋಹಗಳೇ. ಇವು ಅಳತೆಯಲ್ಲಿದ್ದರೆ ಮೈಗೂ ಬೇಕು, ಬೆಳೆಗೂ ಬೇಕು. ಬತ್ತಕ್ಕೆ ಸತುವಿನ ಗೊಬ್ಬರ ಹಾಕುವ ರೈತರಿಗೆ ಇದು ಗೊತ್ತು. ಆದರೆ ಪಾದರಸ, ಸೀಸ, ಕ್ಯಾಡ್ಮಿಯಂ ಎಂಬ ಮೂರು ಲೋಹಗಳಿಂದ ದೇಹಕ್ಕೆ ಕಾಸಿನಷ್ಟೂ ಉಪಯೋಗವಿಲ್ಲ. ಪಾದರಸ ನರಗಳನ್ನೂ ಮೆದುಳನ್ನೂ ಹಿಡಿಯುತ್ತದೆ. ಸೀಸ ಮಕ್ಕಳ ಬುದ್ಧಿಯನ್ನು ಕುಂದಿಸುತ್ತದೆ, ರಕ್ತವನ್ನು ಕೆಡಿಸುತ್ತದೆ, ಕೊನೆಗೆ ಮೂಳೆಯಲ್ಲಿ ಹೋಗಿ ಕೂರುತ್ತದೆ. ಕ್ಯಾಡ್ಮಿಯಂ ಮೂತ್ರಪಿಂಡಗಳಲ್ಲಿ ಸೇರಿ ಅವುಗಳನ್ನು ಸವೆಸುತ್ತದೆ.

ಇವುಗಳ ದೊಡ್ಡ ಕೇಡೆಂದರೆ ಇವು ಕೊಳೆಯುವುದಿಲ್ಲ. ಸಗಣಿ ಕೊಳೆತು ಗೊಬ್ಬರವಾಗುತ್ತದೆ. ಸತ್ತ ಪ್ರಾಣಿ ಮಣ್ಣಾಗುತ್ತದೆ. ಎಷ್ಟೋ ಕೀಟನಾಶಕಗಳೂ ಕಾಲ ಕಳೆದಂತೆ ಒಡೆದುಹೋಗುತ್ತವೆ. ಸೀಸ ಮಾತ್ರ ನೂರು ವರ್ಷ ಕಳೆದರೂ ಸೀಸವೇ. ಬಿಸಿಲು ಅದನ್ನು ಸುಡದು, ಮಳೆ ಅದನ್ನು ಕರಗಿಸಿ ಇಲ್ಲವಾಗಿಸದು. ಒಂದು ಕಡೆಯಿಂದ ತೊಳೆದುಹೋದರೆ ತಗ್ಗಿನ ಇನ್ನೊಂದು ಕಡೆ ಹೋಗಿ ನಿಲ್ಲುತ್ತದೆ, ಅಷ್ಟೇ.

ಕೆಸರಿನಿಂದ ತಟ್ಟೆಯವರೆಗೆ

ಚರಂಡಿಯ ನೀರಿನಲ್ಲಿ ಬರುವ ಲೋಹ ಬಹುಕಾಲ ನೀರಿನಲ್ಲಿ ತೇಲಾಡುವುದಿಲ್ಲ. ಮಣ್ಣಿನ ಕಣಗಳಿಗೆ ಅಂಟಿಕೊಳ್ಳುತ್ತದೆ. ನೀರು ಓಡುವವರೆಗೆ ಆ ಕಣಗಳೂ ಓಡುತ್ತವೆ. ಅಣೆಯಲ್ಲೋ ಕೆರೆಯಲ್ಲೋ ನೀರು ನಿಂತಾಗ ತಳಕ್ಕಿಳಿದು ಕೆಸರಾಗುತ್ತವೆ. ಮೇಲಿನ ನೀರು ತಿಳಿಯಾಗಿದೆಯೆಂದು ನಂಬಿ ಮೋಸಹೋಗಬಾರದೆಂಬುದಕ್ಕೆ ಇದೇ ಕಾರಣ.

ಆ ಕೆಸರಿನಲ್ಲಿ ಗಾಳಿಯಾಡದ ಕಡೆ ಬದುಕುವ ಸೂಕ್ಷ್ಮಜೀವಿಗಳಿವೆ. ಅವು ಪಾದರಸವನ್ನು ಮೀಥೈಲ್ ಪಾದರಸವೆಂಬ ಬೇರೊಂದು ರೂಪಕ್ಕೆ ತಿರುಗಿಸುತ್ತವೆ. ಈ ರೂಪವೇ ಅತ್ಯಂತ ಅಪಾಯಕರ. ತಿಂದರೆ ಹೆಚ್ಚು ಕಡಿಮೆ ಪೂರ್ತಿಯಾಗಿ ಕರುಳಿನಿಂದ ರಕ್ತಕ್ಕೆ ಸೇರುತ್ತದೆ; ರಕ್ತದಿಂದ ಮೆದುಳಿಗೆ ಹೋಗುತ್ತದೆ; ಬಸಿರಿಯ ಹೊಕ್ಕುಳಬಳ್ಳಿಯನ್ನು ದಾಟಿ ಮಗುವಿಗೂ ಮುಟ್ಟುತ್ತದೆ.

ನೀರಿನ ಪಾಚಿ ಇದನ್ನು ಅಣುಮಾತ್ರ ಹೀರುತ್ತದೆ. ಪಾಚಿಯನ್ನು ತಿನ್ನುವ ಹುಳುಗಳಲ್ಲಿ ಅದು ಕೂಡುತ್ತದೆ. ಆ ಹುಳುಗಳನ್ನು ಸಣ್ಣ ಮೀನು, ಸಣ್ಣ ಮೀನನ್ನು ದೊಡ್ಡ ಮೀನು ತಿನ್ನುತ್ತ ಹೋದಂತೆ ಮೇಲುಮೇಲಿನವುಗಳಲ್ಲಿ ಹೊರೆ ಹೆಚ್ಚುತ್ತ ಹೋಗುತ್ತದೆ. ಮನೆಮನೆಯ ಕಂದಾಯದ ಬಿಡಿಕಾಸು ಕರಣಿಕರ ಪೆಟ್ಟಿಗೆಯಲ್ಲಿ ಕೂಡಿ ಗಂಟಾಗುತ್ತಿದ್ದಂತೆಯೇ ಇದು. ಕಡಲಿನಲ್ಲಿ ಈ ಪೆಟ್ಟಿಗೆ ಸುರಾ, ದೊಡ್ಡ ಸೂರೆ, ದೊಡ್ಡ ವಂಜರ ಮೊದಲಾದ ಬೇಟೆಗಾರ ಮೀನುಗಳದು. ಹೊಳೆಯಲ್ಲಿ ವಾಳೆ, ಕೊರವ ಮುಂತಾದ ಮೀನು ತಿನ್ನುವ ಮೀನುಗಳದು. ಮೀನು ಎಷ್ಟು ಹಳೆಯದೋ ಹೊರೆಯೂ ಅಷ್ಟು ಹೆಚ್ಚು. ಆದುದರಿಂದ ‘ದೊಡ್ಡ ಮೀನು ದೊಡ್ಡ ಮರ್ಯಾದೆ’ ಎಂದು ನೆಂಟರಿಗೆ ಹುಡುಕಿ ತರುವವರು ಇದನ್ನು ನೆನಪಿಡತಕ್ಕದ್ದು.

ಸೀಸ, ಕ್ಯಾಡ್ಮಿಯಂಗಳ ದಾರಿ ಸ್ವಲ್ಪ ಬೇರೆ. ಇವು ಮೀನಿನ ಮಾಂಸಕ್ಕಿಂತ ಕಿವಿರು, ಯಕೃತ್ತು, ಮೂತ್ರಪಿಂಡ, ಮೂಳೆಗಳಲ್ಲಿ ಹೆಚ್ಚಾಗಿ ನಿಲ್ಲುತ್ತವೆ. ಕೆಸರನ್ನೇ ಕೆದಕಿ ಬದುಕುವ ಏಡಿ, ಕಪ್ಪೆಚಿಪ್ಪು, ಬಸವನಹುಳುಗಳು ಇವುಗಳನ್ನು ಹೆಚ್ಚಾಗಿ ಸಂಗ್ರಹಿಸುತ್ತವೆ.

ಮಿನಮಾಟದ ಪಾಠ

ಜಗತ್ತು ಈ ವಿಷಯವನ್ನು ಕಲಿತದ್ದು ಜಪಾನಿನ ಮಿನಮಾಟ ಎಂಬ ಮೀನುಗಾರರ ಊರಿನಿಂದ. ಅಲ್ಲಿನ ಚಿಸ್ಸೊ ಎಂಬ ಕಂಪೆನಿಯ ರಾಸಾಯನಿಕ ಕಾರ್ಖಾನೆ ೧೯೩೨ರಿಂದ ೧೯೬೮ರವರೆಗೆ ಪಾದರಸವನ್ನು ಬಳಸುವ ಒಂದು ಕ್ರಮದಿಂದ ಅಸಿಟಾಲ್ಡಿಹೈಡ್ ಎಂಬ ಪದಾರ್ಥವನ್ನು ತಯಾರಿಸುತ್ತಿತ್ತು. ಉಳಿಕೆಯ ನೀರನ್ನು ಸಮುದ್ರಕ್ಕೆ ಬಿಡುತ್ತಿತ್ತು. ಮೊದಲು ಸುಳಿವು ಕೊಟ್ಟವು ಬೆಕ್ಕುಗಳು. ಮೀನು ತಿಂದ ಬೆಕ್ಕುಗಳು ಕುಣಿದಾಡಿ, ತತ್ತರಿಸಿ, ಸಮುದ್ರಕ್ಕೆ ಬಿದ್ದು ಸತ್ತವು. ಬಳಿಕ ಮನುಷ್ಯರ ಕೈಕಾಲು ನಡುಗತೊಡಗಿದುವು, ಮಾತು ತೊದಲಿತು, ಕಣ್ಣಿನ ನೋಟ ಕಿರಿದಾಯಿತು. ೧೯೫೬ನೆಯ ಇಸವಿ ಮೇ ೧ರಂದು ಕಾರ್ಖಾನೆಯದೇ ಆಸ್ಪತ್ರೆಯ ಮುಖ್ಯ ವೈದ್ಯ ಹೊಸೊಕಾವ ಹಾಜಿಮೆ ಎಂಬವರು, ಕಾರಣ ತಿಳಿಯದ ನರರೋಗವೊಂದು ಕಾಣಿಸಿಕೊಂಡಿದೆಯೆಂದು ಸರ್ಕಾರದ ಆರೋಗ್ಯ ಕಚೇರಿಗೆ ವರದಿ ಮಾಡಿದರು. ೧೯೫೯ರಲ್ಲಿ ಅವರೇ ಕಾರ್ಖಾನೆಯ ಉಳಿಕೆ ನೀರನ್ನು ಬೆಕ್ಕೊಂದಕ್ಕೆ ಆಹಾರದಲ್ಲಿ ಬೆರಸಿ ಕೊಟ್ಟಾಗ ಅದೇ ರೋಗ ಕಂಡಿತು. ಕಂಪೆನಿ ಅದನ್ನು ಹೊರಗೆ ಬಿಡಲಿಲ್ಲ. ಸರ್ಕಾರ ಕಾರಣವನ್ನು ಒಪ್ಪಿಕೊಂಡದ್ದು ೧೯೬೮ರಲ್ಲಿ. ಅಧಿಕೃತವಾಗಿ ರೋಗಿಗಳೆಂದು ಎಣಿಕೆಯಾದವರು ಎರಡು ಸಾವಿರಕ್ಕೂ ಹೆಚ್ಚು. ಪರಿಹಾರಕ್ಕಾಗಿ ಕೇಳಿದವರು ಅದಕ್ಕಿಂತ ಎಷ್ಟೋ ಮಡಿ.

ಎಲ್ಲಕ್ಕಿಂತ ನೋವಿನ ಸಂಗತಿ ಅಲ್ಲಿನ ಮಕ್ಕಳದು. ರೋಗದ ಲಕ್ಷಣ ಅಷ್ಟಾಗಿ ಕಾಣದ ತಾಯಂದಿರಿಗೆ ಕೈಕಾಲು ಸ್ವಾಧೀನವಿಲ್ಲದ ಮಕ್ಕಳು ಹುಟ್ಟಿದರು. ತಾಯಿ ತಿಂದ ವಿಷವನ್ನು ಗರ್ಭದ ಮಗು ಹೀರಿಕೊಂಡಿತ್ತು. ಜಪಾನಿನವರು ಮಗುವಿನ ಹೊಕ್ಕುಳಬಳ್ಳಿಯ ತುಂಡನ್ನು ಒಣಗಿಸಿ ಪುಟ್ಟ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಾರೆ. ನಮ್ಮಲ್ಲಿ ಕೆಲವರು ಅದನ್ನು ತಾಯಿತದಲ್ಲಿಟ್ಟು ಕಟ್ಟುವುದಿಲ್ಲವೇ, ಹಾಗೆ. ಹರಾಡ ಮಸಾಜುಮಿ ಎಂಬ ವೈದ್ಯರು ಮನೆಮನೆಯ ಆ ಪೆಟ್ಟಿಗೆಗಳನ್ನು ಕೇಳಿ ಪಡೆದು ಪರೀಕ್ಷೆ ಮಾಡಿಸಿದಾಗ, ಒಣಗಿದ ಆ ಬಳ್ಳಿಗಳಲ್ಲೇ ಮೀಥೈಲ್ ಪಾದರಸ ಸಿಕ್ಕಿತು.

ಆ ಊರಿನ ಹೆಸರಿನಲ್ಲೇ ೨೦೧೩ರಲ್ಲಿ ಪಾದರಸದ ಬಳಕೆಯನ್ನು ತಗ್ಗಿಸುವ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಭಾರತ ೨೦೧೮ರಲ್ಲಿ ಅದಕ್ಕೆ ಸೇರಿತು.

ನಮ್ಮ ನಾಡಿನಲ್ಲಿ ಕಂಡದ್ದು

ಜಪಾನಿನ ಕಥೆ ನಮಗೇಕೆ ಎನ್ನುವವರಿಗೆ ಹತ್ತಿರದ ಎರಡು ಸಂಗತಿ ಹೇಳುತ್ತೇವೆ. ಕಾರವಾರದ ಬಳಿ ಬಿಣಗಾ ಎಂಬಲ್ಲಿ ೧೯೭೦ರ ದಶಕದಲ್ಲಿ ಕಾಸ್ಟಿಕ್ ಸೋಡಾ ಕಾರ್ಖಾನೆಯೊಂದು ಬಂದಿತು. ಆ ಕಾಲದ ಕ್ರಮದಲ್ಲಿ ಉಪ್ಪುನೀರಿನಿಂದ ಸೋಡಾ ತೆಗೆಯಲು ಪಾದರಸ ಬಳಸುತ್ತಿದ್ದರು. ಕೊಲ್ಲಿಯ ನೀರು, ಕೆಸರು, ಅಲ್ಲಿನ ಜೀವಿಗಳಲ್ಲಿರುವ ಪಾದರಸದ ವಿಷಯವಾಗಿ ನಮ್ಮ ಮೀನುಗಾರಿಕೆ ಶಾಸ್ತ್ರಜ್ಞರು ನಡೆಸಿದ ಅಧ್ಯಯನ ೧೯೯೦ರಲ್ಲಿ ಪ್ರಕಟವಾಯಿತು. ಮುಂದೆ ನಮ್ಮ ದೇಶದ ಸೋಡಾ ಕಾರ್ಖಾನೆಗಳು ಪಾದರಸದ ಕ್ರಮವನ್ನು ಬಿಟ್ಟು ಪೊರೆಯ ಕ್ರಮಕ್ಕೆ ತಿರುಗಿಕೊಂಡವು. ಕೇಡು ಕಂಡ ಮೇಲೆ ದಾರಿ ತಿದ್ದಿಕೊಳ್ಳಬಹುದೆಂಬುದಕ್ಕೆ ಇದು ಸಾಕ್ಷಿ.

ಎರಡನೆಯದು ನಮ್ಮ ತಮಿಳುನಾಡಿನ ಕೊಡೈಕಾನಲ್. ಅಲ್ಲಿ ಜ್ವರ ನೋಡುವ ಪಾದರಸದ ಕಡ್ಡಿಗಳನ್ನು ಮಾಡುವ ಕಾರ್ಖಾನೆಯಿತ್ತು. ಪಾದರಸ ಸೇರಿದ ಗಾಜಿನ ಚೂರುಗಳು ಊರಿನ ಗುಜರಿಯಲ್ಲಿ ಸಿಕ್ಕಿದ ಮೇಲೆ ೨೦೦೧ರಲ್ಲಿ ಅದು ಮುಚ್ಚಿತು. ಹೈದರಾಬಾದಿನ ಅಣುಶಕ್ತಿ ಇಲಾಖೆಯ ಶಾಸ್ತ್ರಜ್ಞರು ೨೦೦೬ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೊಡೈ ಕೆರೆಯ ನೀರು, ಕೆಸರು, ಮೀನು ಮೂರರಲ್ಲೂ ಪಾದರಸ ಕಂಡುಬಂದಿತು. ೫೯೧ ಮಂದಿ ಹಳೆಯ ಕಾರ್ಮಿಕರೊಡನೆ ಕಂಪೆನಿ ಒಪ್ಪಂದ ಮಾಡಿಕೊಂಡದ್ದು ೨೦೧೬ರಲ್ಲಿ. ಬಾಗಿಲು ಮುಚ್ಚಲು ಒಂದು ದಿನ ಸಾಕಾಯಿತು; ನ್ಯಾಯ ಸಿಗಲು ಹದಿನೈದು ವರ್ಷ ಬೇಕಾಯಿತು.

ನಮ್ಮ ಎರಡು ಹೊಳೆಗಳು

ಈಗ ನಮ್ಮ ಹೊಳೆಗಳ ಜಾಡು ಹಿಡಿದು ಮೇಲಕ್ಕೆ ಹೋಗೋಣ. ಬೆಂಗಳೂರಿನಲ್ಲಿ ಹುಟ್ಟುವ ವೃಷಭಾವತಿ, ನಗರದ ಕೊಳೆನೀರನ್ನೂ ಪೀಣ್ಯದ ಕಡೆಯ ಕೈಗಾರಿಕೆಗಳ ನೀರನ್ನೂ ಹೊತ್ತು ಬೈರಮಂಗಲದ ಕೆರೆಗೆ ಬಂದು, ಮುಂದೆ ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಅಲ್ಲಿಂದ ಮೇಕೆದಾಟು, ಹೊಗೇನಕಲ್, ಆಮೇಲೆ ೧೯೩೪ರಲ್ಲಿ ಮುಗಿದ ಮೆಟ್ಟೂರಿನ ಸ್ಟಾನ್ಲಿ ಜಲಾಶಯ. ಇನ್ನೊಂದು ಕಡೆ ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿ ನೀರು ದಕ್ಷಿಣ ಪಿನಾಕಿನಿಗೆ ಬಂದು, ಹೊಸೂರಿನ ಕೆಲವರಪಳ್ಳಿ ಅಣೆ, ಕೃಷ್ಣಗಿರಿ ಅಣೆಗಳನ್ನು ದಾಟಿ ಧರ್ಮಪುರಿ ಜಿಲ್ಲೆಯ ಹರೂರಿನ ಕಡೆಗೆ ಇಳಿಯುತ್ತದೆ. ಬೆಳ್ಳಂದೂರು ಕೆರೆ ೨೦೧೭ರಲ್ಲೂ ೨೦೧೮ರಲ್ಲೂ ಹೊತ್ತಿ ಉರಿದುದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ.

ಕೆಲವರಪಳ್ಳಿಯಲ್ಲಿ ನೀರು ಬಿಟ್ಟಾಗ ಏಳುವ ಬಿಳಿ ನೊರೆಯನ್ನು ಎಲ್ಲರೂ ನೋಡಿ ಬೆರಗಾಗುತ್ತಾರೆ. ಆ ನೊರೆ ಬಹುಮಟ್ಟಿಗೆ ಸಾಬೂನಿನ ಪುಡಿಯಿಂದಲೂ ಕೊಳೆಯಿಂದಲೂ ಬಂದದ್ದು. ಲೋಹಕ್ಕೆ ನೊರೆಯಿಲ್ಲ, ಅದು ಇದ್ದರೆ ನೊರೆಯ ಕೆಳಗೆ, ನೀರಿನ ಕೆಳಗೆ, ಕೆಸರಿನಲ್ಲಿರುತ್ತದೆ. ನೊರೆ ಇಳಿದ ದಿನ ನೀರು ಶುದ್ಧವಾಯಿತೆಂದು ತಿಳಿಯಕೂಡದು.

ಹೊಳೆಗೆ ಕೇಡು ಬರುವುದೆಲ್ಲ ಬೆಂಗಳೂರಿನಿಂದಲೇ ಎಂದು ಬೆರಳು ತೋರಿಸಿ ಕೂರುವುದೂ ನ್ಯಾಯವಲ್ಲ. ಲೋಹಕ್ಕೆ ಮೆರುಗು ಹಾಕುವ ಕಾರ್ಖಾನೆ, ಹಳೆ ಬ್ಯಾಟರಿ ಒಡೆಯುವ ಗುಡಿಸಲು, ಬಣ್ಣದ ಮನೆ ಇವು ನಮ್ಮ ಪೇಟೆಗಳಲ್ಲೂ ಉಂಟು. ಕಲ್ಲಿದ್ದಲು ಸುಟ್ಟಾಗ ಅದರಲ್ಲಿರುವ ಅಣುಮಾತ್ರದ ಪಾದರಸ ಗಾಳಿಗೆ ಸೇರಿ ಮಳೆಯಲ್ಲಿ ಇಳಿಯುತ್ತದೆ. ಎಡೆಪ್ಪಾಡಿಯವನಿಗೆ ಮೇಲಿನ ಊರು ಮೆಟ್ಟೂರಾದರೆ, ಅವನಿಗೂ ಕೆಳಗೆ ಭವಾನಿಯವನಿದ್ದಾನೆ. ಪ್ರತಿಯೊಬ್ಬರೂ ಯಾರಿಗೋ ಮೇಲಿನ ಊರಿನವರೇ.

ಒಂದು ಮನೆಲೆಕ್ಕ

ಎಷ್ಟು ತಿಂದರೆ ಹೆಚ್ಚಾಯಿತು? ಇದಕ್ಕೆ ಉತ್ತರ ಒಂದು ಸುಲಭ ಲೆಕ್ಕದಲ್ಲಿದೆ. ಏಳನೆಯ ತರಗತಿಯ ಮಕ್ಕಳೂ ಮಾಡಬಲ್ಲರು. ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಮತ್ತು ಆರೋಗ್ಯ ಸಂಸ್ಥೆಗಳ ಜಂಟಿ ಸಮಿತಿ ೨೦೦೩ರಲ್ಲಿ, ಗರ್ಭದ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡು, ಒಂದು ಮಿತಿ ಹೇಳಿತು. ಮೈತೂಕದ ಪ್ರತಿ ಕಿಲೋಗೆ ವಾರಕ್ಕೆ ೧.೬ ಮೈಕ್ರೋಗ್ರಾಂ ಮೀಥೈಲ್ ಪಾದರಸ. ಅದಕ್ಕಿಂತ ಹೆಚ್ಚು ಕೂಡದು. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು. ಐವತ್ತು ಕಿಲೋ ತೂಗುವ ಹೆಂಗಸಿಗೆ ವಾರಕ್ಕೆ ೫೦ × ೧.೬ = ೮೦ ಮೈಕ್ರೋಗ್ರಾಂ ಆಯಿತು.

ಇನ್ನು ಮೀನಿನ ಕಡೆ ಬನ್ನಿ. ಅಮೆರಿಕದ ಸರ್ಕಾರ ತನ್ನ ಪೇಟೆಯ ಮೀನುಗಳನ್ನು ಪರೀಕ್ಷಿಸಿ ಕೊಟ್ಟಿರುವ ಸರಾಸರಿಯಂತೆ ಕಿಲೋ ಮತ್ತಿ ಮೀನಿನಲ್ಲಿ ಪಾದರಸ ೧೩ ಮೈಕ್ರೋಗ್ರಾಂ. ನೆತ್ತಿಲಿ ಜಾತಿಯಲ್ಲಿ ೧೬. ನಾವು ಜಿಲೇಬಿ ಮೀನೆನ್ನುವ ತಿಲಾಪಿಯದಲ್ಲಿ ೧೩. ಸುರಾ ಮೀನಿನಲ್ಲಿ ೯೭೯. ಇವು ಅಲ್ಲಿನ ಅಂಕಿಗಳು. ನೀರು ಬದಲಾದಂತೆ ಅಂಕಿಯೂ ಬದಲಾಗುತ್ತದೆ. ಆದರೆ ಸಣ್ಣ ಮೀನಿನಲ್ಲಿ ಕಡಿಮೆ, ಬೇಟೆಗಾರ ಮೀನಿನಲ್ಲಿ ಹೆಚ್ಚು ಎಂಬ ಕ್ರಮ ಎಲ್ಲ ಕಡಲಿಗೂ ಒಂದೇ.

ಈಗ ಭಾಗಿಸಿ ನೋಡಿ. ಆ ಹೆಂಗಸು ವಾರಕ್ಕೆ ಆರು ಕಿಲೋ ಮತ್ತಿ ತಿಂದರೂ ಮಿತಿಯೊಳಗೇ ಇರುತ್ತಾಳೆ. ಸುರಾ ಆದರೆ ಸುಮಾರು ಎಂಬತ್ತು ಗ್ರಾಮಿಗೇ ಮಿತಿ ಮುಗಿಯಿತು. ಎಂಬತ್ತು ಗ್ರಾಂ ಎಂದರೆ ಒಂದೆರಡು ತುಂಡು. ಒಂದೇ ಅಂಗಡಿಯ ಒಂದೇ ಹಲಗೆಯ ಮೇಲೆ ಇರುವ ಎರಡು ಮೀನುಗಳ ನಡುವೆ ಇಷ್ಟು ಅಂತರ. ಅಗ್ಗದ ಮೀನೇ ಇಲ್ಲಿ ಕ್ಷೇಮದ ಮೀನೂ ಆಗಿರುವುದು ಬಡವರ ಪುಣ್ಯ.

ಬಾಣಂತಿಯ ಸುರಾ

ಈ ಲೆಕ್ಕವನ್ನು ನಾವು ಊರಿನಲ್ಲಿ ಹೇಳಿದಾಗ, ಹತ್ತಾರು ಹೆರಿಗೆ ಕಂಡ ಹಿರಿಯಮ್ಮನೊಬ್ಬರು ಕೇಳಿದರು: “ಏನ್ ಮೇಷ್ಟ್ರೇ, ಬಾಣಂತಿಗೆ ಹಾಲು ಬರಲಿ ಅಂತ ಪಾಲ್ ಸುರಾ ತಂದು ಪುಟ್ಟು ಮಾಡಿ ಕೊಡ್ತೀವಲ್ಲ, ಅದೂ ತಪ್ಪಾಯ್ತೇ?”

ಪ್ರಶ್ನೆ ದೊಡ್ಡದು. ತಮಿಳುನಾಡಿನ ಉದ್ದಗಲಕ್ಕೂ ಈ ವಾಡಿಕೆಯುಂಟು. ನೆರೆಹೊರೆಯವರಿಂದ ನಮ್ಮ ಕನ್ನಡ ಮನೆಗಳಿಗೂ ಬಂದಿದೆ. ಅದರ ಹಿಂದಿರುವ ಅಕ್ಕರೆಯನ್ನು ಯಾರೂ ಹೀಗಳೆಯಲಾರರು. ಪಾಲ್ ಸುರಾ ಎಂಬುದು ಸಣ್ಣ ಜಾತಿಯ ಸುರಾ. ದೊಡ್ಡ ಸುರಾಗಳಷ್ಟು ಹೊರೆ ಅದರಲ್ಲಿರಲಾರದು. ಆದರೂ ಅದು ಮೀನು ತಿಂದು ಬದುಕುವ ಮೀನು. ಮತ್ತಿ, ನೆತ್ತಿಲಿಗಳಿಗೆ ಹೋಲಿಸಿದರೆ ಹೆಚ್ಚಿನದೇ. ಮೇಲಾಗಿ ತುಂಡು ಮಾಡಿ ಮಂಜುಗಡ್ಡೆಯ ಮೇಲಿಟ್ಟ ಮಾಂಸ ಯಾವ ಸುರಾದ್ದೆಂದು ನಮ್ಮಂಥವರು ಗುರುತಿಸುವುದು ಕಷ್ಟ. ತಾಯಿಯ ಮೈಯಲ್ಲಿರುವ ಪಾದರಸದಲ್ಲಿ ಸ್ವಲ್ಪ ಎದೆಹಾಲಿಗೂ ಸೇರುತ್ತದೆ. ಎದೆಹಾಲಿನ ಗುಣ ಅದಕ್ಕಿಂತ ಬಹಳ ದೊಡ್ಡದಾದ್ದರಿಂದ ಹಾಲು ಕೊಡುವುದನ್ನು ಎಂದಿಗೂ ನಿಲ್ಲಿಸಕೂಡದು. ತಾಯಿಯ ಮೀನನ್ನು ಬದಲಿಸಿದರೆ ಸಾಕು.

ಆ ಹಿರಿಯಮ್ಮನಿಗೆ ನಾವು ಹೇಳಿದ್ದು ಇಷ್ಟೇ: “ಅಮ್ಮಾ, ಪುಟ್ಟು ಬಿಡಬೇಡಿ, ಮೀನು ಬದಲಾಯಿಸಿ. ನೆತ್ತಿಲಿಯಲ್ಲೋ ಹೊಂಡದ ಗೆಂಡೆಯಲ್ಲೋ ಅದೇ ಮಸಾಲೆ ಹಾಕಿ ಮಾಡಿ. ಬೆಳ್ಳುಳ್ಳಿ, ನುಗ್ಗೆಸೊಪ್ಪು, ಸಬ್ಬಸಿಗೆ ಇದ್ದೇ ಇವೆ.” ಅವರು ಸ್ವಲ್ಪ ಹೊತ್ತು ಯೋಚಿಸಿ, “ಮುಳ್ಳು ಬಿಡಿಸೋದು ಒಂದು ಕೆಲಸ, ಅಷ್ಟೇ ಅಲ್ವೇ” ಎಂದರು. ನಿಜ, ಅಷ್ಟೇ.

ಬಾಣಂತನಕ್ಕಿಂತಲೂ ಮೊದಲೇ ಎಚ್ಚರ ಬೇಕು. ಮೈಗೆ ಸೇರಿದ ಮೀಥೈಲ್ ಪಾದರಸ ಅರ್ಧಕ್ಕಿಳಿಯಲು ಸುಮಾರು ಐವತ್ತು ದಿನ ಹಿಡಿಯುತ್ತದೆ. ಗರ್ಭದ ಮೆದುಳು ರೂಪುಗೊಳ್ಳಲು ತೊಡಗುವುದು ತಾಯಿಗೆ ತಾನು ಬಸುರಿಯೆಂದು ತಿಳಿಯುವ ಹೊತ್ತಿಗೇ. ಆದುದರಿಂದ ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ಮೊದಲಿನಿಂದಲೇ ಸುರಾ, ದೊಡ್ಡ ಸೂರೆ, ದೊಡ್ಡ ವಂಜರಗಳನ್ನು ಬಿಟ್ಟು ಸಣ್ಣ ಮೀನುಗಳನ್ನು ವಾರಕ್ಕೆ ಎರಡು ಮೂರು ಸಲ ತಿನ್ನುವುದು ಉತ್ತಮ. ಬಸುರಿಯರು, ಹಾಲೂಡಿಸುವವರು, ಚಿಕ್ಕ ಮಕ್ಕಳು ಇವರಿಗೂ ಇದೇ ನಿಯಮ. ಉಳಿದ ದೊಡ್ಡವರು ಅಪರೂಪಕ್ಕೊಮ್ಮೆ ದೊಡ್ಡ ಮೀನು ತಿಂದರೆ ಹೆದರಬೇಕಾಗಿಲ್ಲ.

ಅಡಿಗೆಮನೆಯಲ್ಲಿ

ಮೀನನ್ನು ಚೆನ್ನಾಗಿ ಬೇಯಿಸಿದರೆ, ಅರಿಸಿನ ಹಚ್ಚಿದರೆ, ಹುಣಿಸೆಹುಳಿಯಲ್ಲಿ ತೊಳೆದರೆ ವಿಷ ಹೋಗುತ್ತದೆಯೆಂಬ ನಂಬಿಕೆಯುಂಟು. ಬೇಯಿಸಿದರೆ ರೋಗಾಣು ಸಾಯುತ್ತದೆ, ಹುಳಿಯಿಂದ ನಾತ ಹೋಗುತ್ತದೆ; ಲೋಹ ಎಲ್ಲಿಗೂ ಹೋಗುವುದಿಲ್ಲ. ಪಾದರಸ ಮಾಂಸದಲ್ಲೇ ಬೆರೆತಿರುವುದರಿಂದ ಸಿಪ್ಪೆ ಸುಲಿದರೂ ಪ್ರಯೋಜನವಿಲ್ಲ. ಉಪ್ಪು ಹಾಕಿ ಒಣಗಿಸಿದರೆ ನೀರು ಹೋಗಿ ತೂಕ ಇಳಿಯುತ್ತದೆ, ಲೋಹ ಉಳಿಯುತ್ತದೆ. ಆದಕಾರಣ ಒಣಮೀನು ಕೊಳ್ಳುವಾಗ ದೊಡ್ಡ ಮೀನಿನ ಹೋಳಿಗಿಂತ ಇಡೀ ಸಣ್ಣ ಮೀನು ಮೇಲು.

ಸೀಸ, ಕ್ಯಾಡ್ಮಿಯಂಗಳ ವಿಷಯದಲ್ಲಿ ಮಾತ್ರ ಕತ್ತಿಯಿಂದ ಸ್ವಲ್ಪ ಉಪಕಾರವಾಗುತ್ತದೆ. ಕಿವಿರನ್ನು ಪೂರ್ತಿ ಕಿತ್ತು, ಕರುಳು, ಯಕೃತ್ತು, ಬೆನ್ನೆಲುಬಿಗೆ ಅಂಟಿದ ಕಪ್ಪುಕೆಂಪಿನ ಭಾಗ ಎಲ್ಲವನ್ನೂ ತೆಗೆದು ತೊಳೆಯಬೇಕು. ಏಡಿಯ ಚಿಪ್ಪಿನೊಳಗಿನ ಕಂದು ಹಳದಿಯ ಮೆದುಭಾಗವನ್ನು ಕೆಲವರು ರುಚಿಯೆಂದು ಮಕ್ಕಳಿಗೆ ತಿನ್ನಿಸುತ್ತಾರೆ. ಕ್ಯಾಡ್ಮಿಯಂ ಹೆಚ್ಚಾಗಿ ನಿಲ್ಲುವುದು ಅಲ್ಲಿಯೇ. ಅದನ್ನು ಬಿಟ್ಟು ಕಾಲು, ಮೈಯ ಬಿಳಿಮಾಂಸ ಕೊಡಿ.

ಮೀನಿನ ಹುಳಿ ಮಾಡಲು ಮಣ್ಣಿನ ಮಡಕೆ ಒಳ್ಳೆಯದು. ಹಿತ್ತಾಳೆಯ ಪಾತ್ರೆಯಾದರೆ ಶುದ್ಧ ತವರದ ಕಲಾಯಿ ಇರತಕ್ಕದ್ದು. ತವರಕ್ಕೆ ಸೀಸ ಬೆರಸಿದ ಕಲಾಯಿಯಾದರೆ ಹುಣಿಸೆಹುಳಿ ಅದನ್ನು ಕರಗಿಸಿ ಸಾರಿಗೇ ಸೇರಿಸುತ್ತದೆ. ಆಗ ಮೀನಿನಲ್ಲಿಲ್ಲದ ಲೋಹವ‍ನ್ನು ನಾವೇ ಹಾಕಿದಂತಾಗುತ್ತದೆ.

ಬಲೆಯ ಸೀಸ

ಹೊಳೆಯ ದಡದ ಹಳ್ಳಿಗಳವರಿಗೆ ಒಂದು ಮಾತು. ಬೀಸುಬಲೆಯ ಅಂಚಿಗೆ ಕಟ್ಟುವ ಗುಂಡು ಸೀಸದ್ದು. ಕೆಲವರು ಹಳೆ ಬ್ಯಾಟರಿಯ ಸೀಸ ತಂದು ಅಡಿಗೆಯ ಒಲೆಯಲ್ಲೇ ಕರಗಿಸಿ ಅಚ್ಚು ಹೊಯ್ಯುತ್ತಾರೆ. ಬಿಡುವಾದ ಗುಂಡನ್ನು ಹಲ್ಲಿನಿಂದ ಕಚ್ಚಿ ಬಿಗಿ ಮಾಡುತ್ತಾರೆ. ಮಕ್ಕಳು ಅದನ್ನೇ ಗೋಲಿಯಾಡುತ್ತಾರೆ. ಮೀನಿನಿಂದ ವರ್ಷಕ್ಕೆ ಬಾರದಷ್ಟು ಸೀಸ ಇದರಿಂದ ಒಂದು ದಿನಕ್ಕೆ ಮನೆಗೆ ಬರಬಹುದು. ಮಕ್ಕಳಿಗೆ ಇಷ್ಟು ಸೀಸದಿಂದ ತೊಂದರೆಯಿಲ್ಲವೆಂಬ ಅಳತೆಯೇ ಇಲ್ಲವೆಂದು ವೈದ್ಯರು ಹೇಳುತ್ತಾರೆ. ಕರಗಿಸುವ ಕೆಲಸ ಮನೆಯಲ್ಲಿ ಬೇಡ. ಕಚ್ಚಲು ಹಲ್ಲು ಬೇಡ, ಇಕ್ಕಳವಿರಲಿ. ಬಲೆ ಮುಟ್ಟಿದ ಕೈ ತೊಳೆಯದೆ ಉಣ್ಣಬೇಡಿ. ಕಬ್ಬಿಣದ ಗುಂಡು ಸಿಕ್ಕರೆ ಅದೇ ಉತ್ತಮ.

ಕೆರೆ, ಹೊಂಡ, ಗೋಡು

ಮೀನು ಸಾಕುವ ರೈತನಿಗೆ ಈ ವಿಷಯದಲ್ಲಿ ದೊಡ್ಡ ಅನುಕೂಲವಿದೆ. ತನ್ನ ಮೀನು ಯಾವ ನೀರು ಕುಡಿಯಿತು, ಏನು ತಿಂದಿತು ಎಂಬುದು ಅವನಿಗೆ ಗೊತ್ತು. ಮಳೆಯ ನೀರು, ಒಳ್ಳೆಯ ಬಾವಿಯ ನೀರು ತುಂಬಿದ ಹೊಂಡದಲ್ಲಿ ಕಾಟ್ಲ, ರೋಹು, ಗೆಂಡೆ ಬೆಳೆಸಿ, ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಹಾಕಿ, ವರ್ಷದೊಳಗೆ ಹಿಡಿದರೆ ಆ ಮೀನಿನಲ್ಲಿ ಲೋಹ ಕೂಡಲು ಸಮಯವೂ ಇಲ್ಲ, ಮೂಲವೂ ಇಲ್ಲ. ಪೇಟೆಯ ಚರಂಡಿ ಬಂದು ಸೇರುವ ಕೆರೆಯನ್ನು ಮೀನಿಗೆ ಗುತ್ತಿಗೆ ಹಿಡಿಯಬೇಡಿ, ಬಾಡಿಗೆ ಎಷ್ಟೇ ಅಗ್ಗವಾಗಿರಲಿ. ಕೋಳಿ ಅಂಗಡಿಯ ಕಸ ಹಾಕಿ ಕೊಳಕು ನೀರಿನಲ್ಲಿ ಬೆಳೆಸುವ ಆಫ್ರಿಕಾದ ಮೀಸೆಮೀನನ್ನು ಸರ್ಕಾರವೇ ನಿಷೇಧಿಸಿದೆ. ಅದನ್ನು ಸಾಕಲೂ ಬೇಡಿ, ಕೊಳ್ಳಲೂ ಬೇಡಿ.

ಮೀನಿರುವ ಕೆರೆಗೆ ಬಣ್ಣ ಬಳಿದ ಗಣಪತಿ ಮೂರ್ತಿಗಳನ್ನು ಬಿಡಬಾರದು; ಹಲವು ಬಣ್ಣಗಳಲ್ಲಿ ಸೀಸವಿರುತ್ತದೆ. ಜೇಡಿಮಣ್ಣಿನ ಗಣಪನೇ ನಮ್ಮ ಹಿರಿಯರ ಗಣಪ. ಮುಗಿದ ಬ್ಯಾಟರಿ, ಒಡೆದ ಟ್ಯೂಬ್‌ಲೈಟು, ಶಾಲೆಯ ಪ್ರಯೋಗಶಾಲೆಯಲ್ಲಿ ಒಡೆದ ಉಷ್ಣಮಾಪಕದ ಪಾದರಸ ಇವನ್ನೂ ಹಳ್ಳಕ್ಕೆ ಎಸೆಯತಕ್ಕದ್ದಲ್ಲ. ಉಪಾಧ್ಯಾಯ ಮಿತ್ರರು ಆ ಪಾದರಸವನ್ನು ಬರಿಗೈಯಲ್ಲಿ ಮುಟ್ಟದೆ ಮುಚ್ಚಳದ ಸೀಸೆಯಲ್ಲಿ ಹಾಕಿಡಬೇಕು.

ಬೇಸಗೆಯಲ್ಲಿ ಕೆರೆಗೋಡನ್ನು ಹೊಲಕ್ಕೆ ಹೊಡೆಯುವುದು ನಮ್ಮ ಹಳೆಯ ಒಳ್ಳೆಯ ಪದ್ಧತಿ. ಮಳೆಯಾಶ್ರಿತ ಕೆರೆಯ ಗೋಡಿಗೆ ಸಮಾನವಾದ ಗೊಬ್ಬರವಿಲ್ಲ. ಆದರೆ ನಗರದ ನೀರು ಇಳಿದ ಕೆರೆ, ಅಣೆಗಳ ಗೋಡನ್ನು ಪರೀಕ್ಷೆ ಮಾಡಿಸದೆ ಸೊಪ್ಪುತರಕಾರಿಯ ಮಡಿಗೂ ಬತ್ತದ ಗದ್ದೆಗೂ ಹಾಕಬೇಡಿ. ಜಪಾನಿನ ಜಿಂಜೂ ಹೊಳೆಯ ಬಯಲಿನಲ್ಲಿ ಗಣಿಯ ಕ್ಯಾಡ್ಮಿಯಂ ಗದ್ದೆಗೆ ಸೇರಿ, ಅಕ್ಕಿಯ ಮೂಲಕ ಹೆಂಗಸರ ಮೂಳೆಗಳನ್ನು ಲಟಲಟನೆ ಮುರಿಯುವಂತೆ ಮಾಡಿತು. ‘ಇತಾಯ್ ಇತಾಯ್’ ಎಂದು ಆ ರೋಗದ ಹೆಸರು. ಆ ಭಾಷೆಯಲ್ಲಿ ‘ನೋವು, ನೋವು’ ಎಂದು ಅರ್ಥ.

ಕೇಳಿ ಪಡೆಯಬೇಕಾದುದು

ಮನೆಯ ಎಚ್ಚರ ಮನೆಯವರೆಗೆ. ಹೊಳೆಯನ್ನು ಒಬ್ಬ ರೈತ ತೊಳೆಯಲಾರ. ಅದಕ್ಕೆ ಕಾಯಿದೆ ಇದೆ, ಕಚೇರಿ ಇದೆ, ಕೇಳುವವರು ಬೇಕು. ೨೦೦೬ರ ಆಹಾರ ಸುರಕ್ಷತೆ ಕಾಯಿದೆಯ ೪೦ನೆಯ ಕಲಮಿನಂತೆ, ಕೊಂಡ ಆಹಾರವನ್ನು ಯಾವ ಗ್ರಾಹಕನಾದರೂ ಶುಲ್ಕ ಕೊಟ್ಟು ಪರೀಕ್ಷೆ ಮಾಡಿಸಬಹುದು. ಪರೀಕ್ಷೆಗೆ ಕಳುಹಿಸುವೆನೆಂದು ಕೊಳ್ಳುವಾಗಲೇ ಅಂಗಡಿಯವನಿಗೆ ತಿಳಿಸಬೇಕು. ದೋಷ ಕಂಡರೆ ಶುಲ್ಕ ಹಿಂದಕ್ಕೆ ಬರುತ್ತದೆ. ಸರ್ಕಾರದ ಆಹಾರ ಪರೀಕ್ಷಾಲಯ ನಮ್ಮ ಸೇಲಂನಲ್ಲೇ ಇದೆ. ಒಬ್ಬೊಬ್ಬರಿಗೆ ಖರ್ಚು ಭಾರವಾದರೆ ಮೀನುಗಾರರ ಸಂಘ, ಹೆಂಗಸರ ಸ್ವಸಹಾಯ ಸಂಘಗಳು ಕೂಡಿ ಮಾಡಿಸಬಹುದು.

ಜನವರಿ ೨೬, ಮೇ ೧, ಆಗಸ್ಟ್ ೧೫, ಅಕ್ಟೋಬರ್ ೨ರಂದು ಸೇರುವ ಗ್ರಾಮಸಭೆಯಲ್ಲಿ ಒಂದು ನಿರ್ಣಯ ಮಂಡಿಸಿ: ನಮ್ಮ ಅಣೆಯ, ನಮ್ಮ ಕೆರೆಯ ಕೆಸರನ್ನೂ ಮೀನನ್ನೂ ವರ್ಷಕ್ಕೊಮ್ಮೆ ಪರೀಕ್ಷಿಸಿ, ಬಂದ ಅಂಕಿಗಳನ್ನು ಪಂಚಾಯಿತಿಯ ಹಲಗೆಯ ಮೇಲೆ ಬರೆಯಿಸಬೇಕು; ತಮಿಳಿನಲ್ಲೂ ಬರೆಯಲಿ, ನಮ್ಮ ಹಿರಿಯರು ಓದುವಂತೆ ಕನ್ನಡದಲ್ಲೂ ಬರೆಯಲಿ. ಅದರ ಪ್ರತಿಯನ್ನು ಸೋಮವಾರದ ಕುಂದುಕೊರತೆ ದಿನದಲ್ಲಿ ಕಲೆಕ್ಟರರ ಕೈಗೆ ಕೊಟ್ಟು ರಸೀತಿ ಪಡೆಯಿರಿ. ಮಿನಮಾಟದಲ್ಲಿ ಬೆಕ್ಕುಗಳು ಹೇಳಿದ ಮಾತನ್ನು ಒಪ್ಪಿಕೊಳ್ಳಲು ಸರ್ಕಾರಕ್ಕೆ ಹನ್ನೆರಡು ವರ್ಷ ಹಿಡಿಯಿತು. ನಮ್ಮಲ್ಲಿ ಯಾರೂ ಹಾಸಿಗೆ ಹಿಡಿಯುವ ಮೊದಲೇ ಅಂಕಿ ಕೇಳುವುದು ಜಾಣತನ.

ಅಲ್ಲಿಯವರೆಗೆ ಮನೆಯಲ್ಲಿ ನೆನಪಿಡಬೇಕಾದುದು ನಾಲ್ಕು ಮಾತು. ದೊಡ್ಡ ಮೀನಿಗಿಂತ ಸಣ್ಣ ಮೀನು ಮೇಲು. ಚರಂಡಿ ಸೇರುವ ನೀರಿಗಿಂತ ಮಳೆಯ ನೀರಿನ ಮೀನು ಮೇಲು. ಕಿವಿರು, ಕರುಳು ಕಸಕ್ಕೆ. ಬಸುರಿ, ಬಾಣಂತಿ, ಮಕ್ಕಳ ತಟ್ಟೆಗೆ ನೆತ್ತಿಲಿ, ಮತ್ತಿ, ಹೊಂಡದ ಗೆಂಡೆ. ಮುಂದಿನ ಸಂತೆಯಲ್ಲಿ ಮೀನಿನವರ ಮುಂದೆ ನಿಂತಾಗ, ಬೆಲೆ ಕೇಳುವ ಮೊದಲು “ಇದು ಯಾವ ನೀರಿನದಪ್ಪಾ?” ಎಂದು ಕೇಳಿ ನೋಡಿ. ಹತ್ತು ಮಂದಿ ಕೇಳಿದರೆ, ಹನ್ನೊಂದನೆಯವರಿಗೆ ಅವರೇ ಕೇಳದೆ ಹೇಳುವರು.